ಪುಟ್ಟ ಮಗುವಿಗೆ ಡೇ ಕೇರ್: ಸೇರಿಸುವ ಮೊದಲು ಹೆತ್ತವರು ನೋಡಬೇಕಾದದ್ದು

ಹಿಂದೆ ನಮ್ಮ ಕರಾವಳಿಯ ಮನೆಗಳಲ್ಲಿ ಮಗುವನ್ನು ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಅಜ್ಜಿ ಇದ್ದರು, ಚಿಕ್ಕಮ್ಮ ಇದ್ದರು, ಪಾಗಾರದ ಆಚೆ ನೆರೆಮನೆಯ ಬಾಯಿ ಇದ್ದರು. ಇಂದು ಗಂಡ ಕುವೈಟಿನಲ್ಲೋ ದುಬೈಯಲ್ಲೋ ದುಡಿಯುತ್ತಾನೆ. ಹೆಂಡತಿ ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ಅಜ್ಜಿಗೆ ಮೊಣಕಾಲು ನೋವು, ಮನೆ ಇರುವುದು ಫ್ಲ್ಯಾಟಿನ ನಾಲ್ಕನೇ ಮಾಳಿಗೆಯಲ್ಲಿ. ಮಗುವಿಗೆ ಒಂದೂಕಾಲು ವರ್ಷ ಪ್ರಾಯ. ಓಡಾಡಲು ಕಲಿತಿದೆ, ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಇಂತಹ ಕುಟುಂಬಗಳು ಇಂದು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇವೆ. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ "ಒಳ್ಳೆಯ ಡೇ ಕೇರ್ ಯಾವುದಾದರೂ ಗೊತ್ತುಂಟಾ?" ಎಂದು ಕೇಳುವ ಯುವ ತಾಯಂದಿರಿಗಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಶಾಲೆಗೆ ಹೋಗುವ ಮಗು ಸಂಜೆ ಬಂದು "ಟೀಚರ್ ಬೈದರು" ಎಂದು ಹೇಳುತ್ತದೆ. ಒಂದೂಕಾಲು ವರ್ಷದ ಮಗು ಏನನ್ನೂ ಹೇಳಲಾರದು. ಊಟ ಸಿಕ್ಕಿತೋ, ಒದ್ದೆ ಚಡ್ಡಿಯಲ್ಲೇ ಎರಡು ಗಂಟೆ ಕೂತಿತ್ತೋ, ಯಾರಾದರೂ ಎತ್ತಿಕೊಂಡರೋ ನಮಗೆ ತಿಳಿಯುವುದಿಲ್ಲ. ಆದ್ದರಿಂದ ಗೋಡೆಯ ಬಣ್ಣ, ಆಟಿಕೆಗಳ ರಾಶಿ, ಇಂಗ್ಲಿಷ್ ಹೆಸರಿನ ಬೋರ್ಡು ಇವುಗಳಿಗಿಂತ ನಾವು ಇಲ್ಲದ ಹೊತ್ತಿನಲ್ಲಿ ಅಲ್ಲಿ ಎಷ್ಟು ಕೈಗಳಿವೆ, ಅವು ಎಂತಹ ಕೈಗಳು ಎಂಬುದನ್ನೇ ನೋಡಬೇಕು.

ಆರು ತಿಂಗಳಿಂದ ಮೂರು ವರ್ಷದವರೆಗೆ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ತಲಾ 26 ವಾರಗಳ ವೇತನಸಹಿತ ರಜೆ ಸಿಗುವಂತಾಯಿತು. ಅಂದರೆ ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ತಾಯಿ ಕೆಲಸಕ್ಕೆ ಮರಳಬೇಕು. ಮನೆಗೆಲಸಕ್ಕೆ ಹೋಗುವವರಿಗೆ, ಬುಟ್ಟಿ ಹೊತ್ತು ಮೀನು ಮಾರುವವರಿಗೆ ಅಷ್ಟೂ ಇಲ್ಲ.

ಇನ್ನೊಂದು ತುದಿಯಲ್ಲಿ ಅಂಗನವಾಡಿ ಇದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಇಂದು ಅಂಗನವಾಡಿ ಇಲ್ಲದ ಊರು ಕಡಿಮೆ. ಆದರೆ ಅಲ್ಲಿ ಮಕ್ಕಳನ್ನು ಕೂರಿಸಿ ಕಲಿಸುವುದು ಮೂರರಿಂದ ಆರು ವರ್ಷದವರಿಗೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮನೆಗೆ ಕೊಂಡೊಯ್ಯುವ ಆಹಾರ, ಚುಚ್ಚುಮದ್ದಿನ ನೆನಪು, ತೂಕ ನೋಡುವುದು ಇಷ್ಟೇ. ನಡುವೆ ಉಳಿಯುವ ಎರಡೂವರೆ ವರ್ಷಗಳೇ ಹೆತ್ತವರನ್ನು ಕಂಗಾಲು ಮಾಡುವ ಕಾಲ.

ಈ ನಡುವಿನ ಕಾಲಕ್ಕೆ ಸರಕಾರ ಏನೂ ಮಾಡಿಲ್ಲವೆಂದಲ್ಲ. 2022ರಲ್ಲಿ ಕೇಂದ್ರದ 'ಪಾಲ್ನಾ' ಯೋಜನೆಯಡಿ ಅಂಗನವಾಡಿಗಳಿಗೆ ಶಿಶುಪಾಲನಾ ಕೇಂದ್ರವನ್ನು ಜೋಡಿಸುವ ಕೆಲಸ ಆರಂಭವಾಯಿತು. ಕರ್ನಾಟಕ ಸರಕಾರ 2023ರಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಬಜೆಟ್‌ನಲ್ಲಿ ಪ್ರಕಟಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಹಾಗೂ ಇತರ ದುಡಿಯುವ ತಾಯಂದಿರ ಸಣ್ಣ ಮಕ್ಕಳಿಗಾಗಿ ಇರುವ ಯೋಜನೆ ಇದು. ನಿಮ್ಮ ಪಂಚಾಯತಿಯಲ್ಲಿ ಇದೆಯೇ, ಬಾಗಿಲು ತೆರೆದಿರುತ್ತದೆಯೇ ಎಂದು ಪಂಚಾಯತಿ ಕಚೇರಿಯಲ್ಲಿ ಅಥವಾ ಅಂಗನವಾಡಿ ಟೀಚರಲ್ಲಿ ಕೇಳಿರಿ. ಸರಕಾರದ್ದು ಎಂಬ ಒಂದೇ ಕಾರಣಕ್ಕೆ ಬೇಡವೆನ್ನುವುದು ಸರಿಯಲ್ಲ.

ಕೆಲಸ ಮಾಡುವ ಜಾಗದಲ್ಲಿಯೂ ವಿಚಾರಿಸಬೇಕು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಲು ಬಿಡಬೇಕು ಎಂದು 2017ರ ತಿದ್ದುಪಡಿ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ನಿಯಮವಿದೆ. ಇದೇನೂ ಹೊಸ ವಿಚಾರವಲ್ಲ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಮಕ್ಕಳಿಗೊಂದು ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನಮ್ಮ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿದ ಹಿರಿಯ ಮಹಿಳೆಯರಿಗೆ ಇದು ಗೊತ್ತು. ಆಸ್ಪತ್ರೆ, ಕಾಲೇಜು, ಬ್ಯಾಂಕುಗಳಲ್ಲಿ ಇರುವವರೇ ಕೇಳಲು ಹಿಂಜರಿಯುತ್ತಾರೆ. ಒಬ್ಬರು ಕೇಳಿದರೆ ಬಾಯಿ ಮುಚ್ಚಿಸಬಹುದು. ಹತ್ತು ಮಂದಿ ತಾಯಂದಿರು ಸಹಿ ಹಾಕಿ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ.

ನೋಡಲು ಹೋಗುವ ಹೊತ್ತು

ಇವು ಯಾವುವೂ ಇಲ್ಲದವರಿಗೆ ಉಳಿಯುವುದು ಖಾಸಗಿ ಡೇ ಕೇರ್, ಸಿಸ್ಟರ್‌ಗಳು ನಡೆಸುವ ಶಿಶುಪಾಲನಾ ಕೇಂದ್ರ, ಇಲ್ಲವೇ ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವ ಮಹಿಳೆ. ಹೆಚ್ಚಿನವರು ಬೆಳಿಗ್ಗೆ ಹತ್ತೂವರೆಗೆ, ಮೊದಲೇ ಫೋನು ಮಾಡಿ ನೋಡಲು ಹೋಗುತ್ತಾರೆ. ಆ ಹೊತ್ತಿಗೆ ಯಾವ ಡೇ ಕೇರ್ ಆದರೂ ಚಂದವೇ. ಮಕ್ಕಳು ಹೊಟ್ಟೆ ತುಂಬಿ ಆಡುತ್ತಿರುತ್ತಾರೆ, ನೆಲ ಒರೆಸಿ ಆಗಿರುತ್ತದೆ.

ನಮ್ಮ ಕುಟುಂಬದ ಒಂದು ಮಗುವಿಗಾಗಿ ನಾವು ಪೇಟೆಯಲ್ಲಿ ಒಂದು ಕೇಂದ್ರವನ್ನು ನೋಡಲು ಹೋಗಿದ್ದೆವು. ಎದುರಿನ ಕೋಣೆ ಹೂವಿನಂತಿತ್ತು. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. "ಅಲ್ಲಿ ಮಕ್ಕಳು ಮಲಗಿದ್ದಾರೆ, ಈಗ ಬೇಡ" ಎಂದರು. ಸರಿ ಎಂದು ಬಂದೆವು. ಎರಡು ದಿನ ಬಿಟ್ಟು ಮಧ್ಯಾಹ್ನ ಒಂದೂವರೆಗೆ ಹೇಳದೆ ಹೋದಾಗ ಆ ಬಾಗಿಲು ತೆರೆದಿತ್ತು. ಹದಿನಾಲ್ಕು ಮಕ್ಕಳು, ಒಬ್ಬಳೇ ಹುಡುಗಿ. ಅವಳ ಒಂದು ಕೈಯಲ್ಲಿ ಗಂಜಿಯ ಬಟ್ಟಲು, ಕಂಕುಳಲ್ಲಿ ಅಳುವ ಮಗು, ಅವಳನ್ನು ದೂರುವಂತಿರಲಿಲ್ಲ. ಆ ಮಗುವನ್ನು ಕೊನೆಗೆ ನಾವು ಸೇರಿಸಿದ್ದು ನಿವೃತ್ತ ಬಾಲವಾಡಿ ಟೀಚರ್ ಒಬ್ಬರ ಮನೆಗೆ. ಅಲ್ಲಿ ಎಸಿ ಇರಲಿಲ್ಲ, ಗೋಡೆಯಲ್ಲಿ ಕಾರ್ಟೂನ್ ಇರಲಿಲ್ಲ. ಆರು ಮಕ್ಕಳಿಗೆ ಇಬ್ಬರು ಇದ್ದರು.

ಆದ್ದರಿಂದ ಕನಿಷ್ಠ ಎರಡು ಸಲ ಹೋಗಿರಿ. ಒಂದು ಸಲ ಮಧ್ಯಾಹ್ನ ಊಟದ ಹೊತ್ತಿಗೆ, ಇನ್ನೊಂದು ಸಲ ಸಂಜೆ ಐದರ ನಂತರ. ಎಲ್ಲರೂ ದಣಿದಿರುವ ಆ ಹೊತ್ತಿನಲ್ಲಿ ನೋಡಿಕೊಳ್ಳುವವರ ಸ್ವರ ಹೇಗಿರುತ್ತದೆ ಎಂಬುದೇ ಮುಖ್ಯ. ಬಾಗಿಲಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿರಿ. ಅಳುವ ಮಗುವಿನ ಬಳಿಗೆ ಯಾರಾದರೂ ಹೋಗುತ್ತಾರೆಯೇ? ಮಗುವಿನ ಮಟ್ಟಕ್ಕೆ ಬಗ್ಗಿ ಮಾತಾಡುತ್ತಾರೆಯೇ, ದೂರದಿಂದಲೇ ಗದರಿಸುತ್ತಾರೆಯೇ? ಹೆಸರು ಹಿಡಿದು ಕರೆಯುತ್ತಾರೆಯೇ? ಹೆತ್ತವರು ಹೇಳದೆ ಬರಬಾರದು ಎಂಬ ನಿಯಮವಿರುವ ಕೇಂದ್ರವನ್ನು ಅಲ್ಲಿಗೇ ಬಿಡಿರಿ ಎಂದು ನಾವು ಹೇಳುತ್ತೇವೆ. ಮಕ್ಕಳ ನಿದ್ದೆ ಕೆಡುತ್ತದೆ ಎಂಬ ಕಾರಣ ನಿಜವೇ ಇರಬಹುದು, ಬಾಗಿಲ ಸಂದಿಯಿಂದ ನೋಡಿದರೆ ನಿದ್ದೆ ಕೆಡುವುದಿಲ್ಲ.

ಸಂಖ್ಯೆಯ ಬಗ್ಗೆ: ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಕೆಲಸದ ಸ್ಥಳಗಳ ಶಿಶುಪಾಲನಾ ಕೇಂದ್ರಗಳಿಗೆ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜತೆಗೆ ಸಹಾಯಕಿ ಎಂಬುದು ಅದರ ಲೆಕ್ಕ. ಇದು ಕನಿಷ್ಠ. ಒಂದು ವರ್ಷದ ಆಸುಪಾಸಿನ ಮಕ್ಕಳಾದರೆ ಒಬ್ಬರಿಗೆ ನಾಲ್ಕೈದು ಮಕ್ಕಳೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿ ಒಂದನ್ನು ಸುಧಾರಿಸಿದವರು ಒಪ್ಪುತ್ತಾರೆ. ಒಟ್ಟು ಸಿಬ್ಬಂದಿ ಎಷ್ಟು ಎಂದು ಕೇಳಬೇಡಿ, ಅದರಲ್ಲಿ ಅಡುಗೆಯವರೂ ಡ್ರೈವರೂ ಸೇರಿರುತ್ತಾರೆ. "ಟೀಚರ್, ಈ ಕೋಣೆಯಲ್ಲಿ ಮಕ್ಕಳ ಜತೆ ಇರುವುದು ಯಾರು? ಅವರು ರಜೆ ಹಾಕಿದ ದಿನ ಯಾರು?" ಎಂದು ಕೇಳಿರಿ. ಅವರು ಎಷ್ಟು ಸಮಯದಿಂದ ಅಲ್ಲಿದ್ದಾರೆ ಎಂಬುದನ್ನೂ ಕೇಳಿರಿ. ಮೂರು ತಿಂಗಳಿಗೊಮ್ಮೆ ಆಯಾ ಬದಲಾಗುವ ಕಡೆ ಮಗು ಯಾರನ್ನೂ ತನ್ನವರೆಂದು ಹಚ್ಚಿಕೊಳ್ಳಲಾರದು.

ಕ್ಯಾಮೆರಾ ಇದೆ ಎಂಬುದನ್ನು ಈಗ ದೊಡ್ಡ ಭರವಸೆಯಾಗಿ ಹೇಳುತ್ತಾರೆ. 2023ರ ಜೂನ್‌ನಲ್ಲಿ ಬೆಂಗಳೂರಿನ ಒಂದು ಕೇಂದ್ರದ ವೀಡಿಯೊ ಎಲ್ಲೆಡೆ ಹರಿದಾಡಿದ್ದು ನೆನಪಿರಬಹುದು. ಒಂದು ಪುಟ್ಟ ಮಗು ಇನ್ನೊಂದು ಪುಟ್ಟ ಮಗುವನ್ನು ಮತ್ತೆ ಮತ್ತೆ ಹೊಡೆಯುತ್ತಿತ್ತು, ಬಿಡಿಸಲು ಕೋಣೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಕ್ಯಾಮೆರಾ ಎಲ್ಲವನ್ನೂ ಕಂಡಿತು, ಎದ್ದು ಬಂದು ಬಿಡಿಸಲು ಅದಕ್ಕೆ ಸಾಧ್ಯವಿರಲಿಲ್ಲ. ಕ್ಯಾಮೆರಾ ಬೇಡವೆಂದಲ್ಲ, ಅದು ಆಯಾಳ ಬದಲಿಗೆ ಅಲ್ಲ.

ಭಾಷೆಯ ಚಿಂತೆ ಅನೇಕರಿಗಿದೆ. ಮನೆಯಲ್ಲಿ ಕೊಂಕಣಿ, ಆಯಾ ತುಳುವಿನವರು, ಟೀಚರ್ ಕನ್ನಡ, ಮಗು ಗಲಿಬಿಲಿಯಾಗದೇ ಎಂದು ಕೇಳುತ್ತಾರೆ. ಆಗುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಮಕ್ಕಳು ಹೀಗೆಯೇ ಮೂರು ನಾಲ್ಕು ಭಾಷೆ ಕಲಿತಿದ್ದಾರೆ. ಎರಡು ವರ್ಷದ ಮಗುವಿಗೆ ಇಂಗ್ಲಿಷ್ ಅಕ್ಷರ ಬರೆಸುತ್ತೇವೆ ಎಂದು ಹೊಗಳಿಕೊಳ್ಳುವ ಕೇಂದ್ರವೇ ಹೆಚ್ಚು ಚಿಂತಿಸಬೇಕಾದದ್ದು.

ಊಟ, ನಿದ್ದೆ, ಔಷಧ

ಊಟ ಮನೆಯಿಂದ ಕಟ್ಟಿ ಕೊಡುವುದೇ ಅಥವಾ ಅಲ್ಲಿಯದೇ ಎಂದು ತಿಳಿದುಕೊಳ್ಳಿರಿ. ಅಲ್ಲಿಯದಾದರೆ ಅಡುಗೆಮನೆ ನೋಡಿರಿ, ಕುದಿಸಿದ ನೀರು ಯಾವ ಪಾತ್ರೆಯಲ್ಲಿದೆ ಎಂದು ಕೇಳಿರಿ. ಕುಚ್ಚಲಕ್ಕಿ ಗಂಜಿ, ತೊವ್ವೆ, ಬೇಯಿಸಿದ ತರಕಾರಿ, ಮೊಟ್ಟೆ ಇದ್ದರೆ ಸಾಕು. ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಬೇಕು. ಇಡೀ ನೆಲಗಡಲೆ, ಇಡೀ ದ್ರಾಕ್ಷಿ, ರಂಬುಟಾನ್ ಹಣ್ಣು, ಹಲಸಿನ ಬೀಜ, ಮೀನಿನ ಮುಳ್ಳು ಇವು ಸಣ್ಣ ಮಕ್ಕಳ ಕೈಗೆ ಸಿಗಬಾರದು. ಮಗುವಿನ ಉಸಿರು ಕಟ್ಟಿದರೆ ಬೆನ್ನಿಗೆ ಹೇಗೆ ತಟ್ಟಬೇಕೆಂದು ಕಲಿತವರು ಅಲ್ಲಿ ಒಬ್ಬರಾದರೂ ಇರಬೇಕು. ಕೇಳಿದಾಗ ನಕ್ಕು ಸುಮ್ಮನಾದರೆ ಅದೇ ಉತ್ತರವೆಂದು ತಿಳಿಯಿರಿ.

ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದು ವರ್ಷದ ಮಕ್ಕಳಿಗೆ ಟಿವಿ, ಮೊಬೈಲ್ ಬೇಡವೇ ಬೇಡ, ಎರಡು ವರ್ಷವಾದವರಿಗೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದೂ ಹೇಳಿದೆ. ಡೇ ಕೇರ್‌ನಲ್ಲಿ ಟಿವಿ ಎಲ್ಲಿದೆ, ಎಷ್ಟು ಹೊತ್ತು ಓಡುತ್ತದೆ ಎಂದು ನೋಡಿರಿ. ಕೈಗಳು ಕಡಿಮೆ ಇರುವಲ್ಲಿ ಟಿವಿ ಹೆಚ್ಚು ಓಡುತ್ತದೆ.

ಔಷಧದ ವಿಷಯದಲ್ಲಿ ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ನೀವು ಬರೆದು ಕೊಡದೆ, ವೈದ್ಯರ ಚೀಟಿ ಇಲ್ಲದೆ ಮಗುವಿಗೆ ಒಂದು ಚಮಚವೂ ಔಷಧ ಕುಡಿಸಬಾರದು. ಕೆಲವು ಕೆಮ್ಮಿನ ಸಿರಪ್‌ಗಳು ನಿದ್ದೆ ಬರಿಸುತ್ತವೆ ಎಂಬುದು ಎಲ್ಲರಿಗೂ ತಿಳಿದದ್ದೇ, ಅಪಾಯ ಇರುವುದೂ ಅಲ್ಲಿಯೇ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್‌ನಿಂದ ಮಕ್ಕಳು ಸತ್ತರು. ಅದೇ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಔಷಧ ಕೊಡಬಾರದೆಂದು ಸೂಚಿಸಿತು. ಇಲ್ಲಿ ಹೆತ್ತವರ ತಪ್ಪೂ ಇದೆ. ಜ್ವರ ಬಂದ ಮಗುವಿಗೆ ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ, ಏನೂ ಹೇಳದೆ ಬಿಟ್ಟು ಹೋಗುವವರಿದ್ದಾರೆ. ರಜೆ ಸಿಗದ ಕಷ್ಟ ನಮಗೂ ಗೊತ್ತು. ಆದರೂ ಹನ್ನೊಂದು ಗಂಟೆಗೆ ಜ್ವರ ಏರಿದಾಗ ಅಲ್ಲಿಯವರಿಗೆ ಹಿಂದುಮುಂದು ತಿಳಿಯುವುದಿಲ್ಲ. ಕೈ-ಕಾಲು-ಬಾಯಿ ರೋಗ ಒಂದು ಮಗುವಿಗೆ ಬಂದರೆ ವಾರದೊಳಗೆ ಕೋಣೆಗೆಲ್ಲ ಹಬ್ಬುತ್ತದೆ. ಸೇರಿಸುವಾಗ ತಾಯಿ ಕಾರ್ಡ್ ತೋರಿಸಿ, 9 ತಿಂಗಳ ಮತ್ತು 16ರಿಂದ 24 ತಿಂಗಳೊಳಗಿನ ದಡಾರ-ರುಬೆಲ್ಲಾ ಚುಚ್ಚುಮದ್ದು ಆಗಿದೆಯೇ ಎಂದು ಕೇಳುವ ಕೇಂದ್ರ ಒಳ್ಳೆಯದೆಂದು ತಿಳಿಯಬಹುದು.

ಬಾವಿ, ಬಕೆಟ್, ಮಳೆ

ನಮ್ಮಲ್ಲಿ ಮನೆಯಂಗಳದಲ್ಲೇ ಬಾವಿ ಇರುತ್ತದೆ. ಕಟ್ಟೆ ಎಷ್ಟೇ ಎತ್ತರವಿದ್ದರೂ ಮೇಲೆ ಕಬ್ಬಿಣದ ಬಲೆ ಇಲ್ಲದಿದ್ದರೆ ಆ ಮನೆ ಡೇ ಕೇರ್‌ಗೆ ಸಲ್ಲದು. ಕಟ್ಟೆಯ ಬದಿಯಲ್ಲಿ ಬಟ್ಟೆ ಒಗೆಯುವ ಕಲ್ಲು ಇದ್ದರೆ ಮಗುವಿಗೆ ಅದೇ ಮೆಟ್ಟಿಲು. ತೋಟದ ಮದಕ, ಮಳೆಗಾಲದ ತೋಡು, ಮುಚ್ಚಳ ಸರಿಯಿಲ್ಲದ ಸಂಪ್ ಇವನ್ನೂ ನೋಡಿರಿ. ಬಚ್ಚಲಲ್ಲಿ ನೀರು ತುಂಬಿಸಿಟ್ಟ ಬಕೆಟ್ ಬಾವಿಯಷ್ಟೇ ಅಪಾಯಕಾರಿ. ತಲೆಕೆಳಗಾಗಿ ಬಿದ್ದ ಮಗು ಎದ್ದು ಬರಲಾರದು, ಕೂಗಲೂ ಆರದು. ಗೇಟಿನ ಚಿಲಕ ಮಗುವಿನ ಕೈಗೆ ಎಟುಕುವಂತಿರಬಾರದು. ಡೆಂಗಿ, ಮಲೇರಿಯಾದ ಊರು ನಮ್ಮದು, ಕಿಟಕಿಗೆ ಸೊಳ್ಳೆಬಲೆ ಇರಲಿ.

ಇನ್ನು ಮಳೆಯ ರಜೆ. ಜೂನ್‌ನಿಂದ ಆಗಸ್ಟ್‌ವರೆಗೆ ರೆಡ್ ಅಲರ್ಟ್ ಬಂದಾಗ ಜಿಲ್ಲಾಧಿಕಾರಿಗಳು ಅಂಗನವಾಡಿಗೂ ಶಾಲೆಗಳಿಗೂ ರಜೆ ಸಾರುತ್ತಾರೆ. ಆಸ್ಪತ್ರೆಗೆ ರಜೆ ಇಲ್ಲ, ಬ್ಯಾಂಕಿಗೆ ರಜೆ ಇಲ್ಲ. ಆ ದಿನ ಡೇ ಕೇರ್ ತೆರೆದಿರುತ್ತದೆಯೇ, ಇಲ್ಲವಾದರೆ ಎಷ್ಟು ಹೊತ್ತಿಗೆ ತಿಳಿಸುತ್ತಾರೆ ಎಂದು ಸೇರಿಸುವ ದಿನವೇ ಕೇಳಿಡಿರಿ. ಮುಚ್ಚಿದ ದಿನಕ್ಕೆ ಮಗುವನ್ನು ನೋಡಿಕೊಳ್ಳಲು ವಾರ್ಡಿನಲ್ಲಿ ಒಂದು ಮನೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿರಿ. ವಾರ್ಡಿನ ಗುರಿಕಾರರು ಮತ್ತು ಸ್ತ್ರೀ ಸಂಘಟನೆಯವರು ಇಂತಹ ನಾಲ್ಕು ಮನೆಗಳ ಪಟ್ಟಿ ಮಾಡಿಟ್ಟರೆ ದೊಡ್ಡ ಉಪಕಾರವಾದೀತು.

ಹಣ, ಕಾಗದಪತ್ರ

ತಿಂಗಳ ಶುಲ್ಕದ ಜತೆಗೆ ಪ್ರವೇಶ ಶುಲ್ಕ, ತಡವಾದರೆ ಹೆಚ್ಚುವರಿ, ಮಗು ಬಾರದ ತಿಂಗಳ ಲೆಕ್ಕ, ಬಿಡಿಸುವಾಗ ಠೇವಣಿ ಹಿಂದೆ ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ, ರಶೀದಿ ಕೇಳಿರಿ. ಸಂಸ್ಥೆ ಯಾವ ಹೆಸರಿನಲ್ಲಿ ನೋಂದಣಿಯಾಗಿದೆ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯೇ ಎಂದೂ ಕೇಳಬಹುದು. ಸಿಸ್ಟರ್‌ಗಳು ನಡೆಸುವ ಕಡೆ ಇದನ್ನೆಲ್ಲ ಕೇಳಲು ನಮ್ಮವರಿಗೆ ಸಂಕೋಚ. ಸಂಕೋಚ ಬೇಡ, ಒಳ್ಳೆಯ ಸಿಸ್ಟರ್ ಕೇಳಿದ್ದಕ್ಕೆ ಸಂತೋಷಪಡುತ್ತಾರೆ.

ಮಗುವನ್ನು ಕರೆದೊಯ್ಯಲು ಬರುವವರ ಹೆಸರು, ಫೋನ್ ನಂಬರು, ಫೋಟೊ ಬರೆದು ಕೊಡಿರಿ. ಆ ಪಟ್ಟಿಯಲ್ಲಿ ಇಲ್ಲದವರು ಬಂದರೆ, ಅದು ಮಾವನೇ ಆಗಿರಲಿ, ನಿಮಗೆ ಫೋನು ಮಾಡದೆ ಕಳುಹಿಸಬಾರದು. ಗಂಡ ಗಲ್ಫಿನಲ್ಲಿರುವವರು ಊರಿನಲ್ಲೇ ಇರುವ ಎರಡನೆಯ ನಂಬರು ಕೊಡಬೇಕು. ಮಾತು ಬಾರದ ಮಗುವನ್ನು ತುಂಬಿ ತುಳುಕುವ ರಿಕ್ಷಾದಲ್ಲಿ ಒಂಟಿಯಾಗಿ ಕಳುಹಿಸಬೇಡಿ.

ಮೊದಲ ಎರಡು ವಾರ

ಮಗು ಅಳುತ್ತದೆ. ಎಂಟು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ಅಮ್ಮನನ್ನು ಬಿಟ್ಟಿರುವ ಭಯ ಹೆಚ್ಚು, ಅದು ಬೆಳವಣಿಗೆಯ ಭಾಗ. ಕೆಲಸಕ್ಕೆ ಮರಳುವ ದಿನವೇ ಸೇರಿಸಬೇಡಿ, ಎರಡು ವಾರ ಮೊದಲೇ ಆರಂಭಿಸಿರಿ. ಮೊದಲ ದಿನ ಒಂದು ಗಂಟೆ ಜತೆಯಲ್ಲೇ ಕೂರಿರಿ. ಮತ್ತೆ ಅರ್ಧ ಗಂಟೆ ಹೊರಗೆ ಹೋಗಿ ಬನ್ನಿರಿ. ಹೀಗೆ ಹೆಚ್ಚಿಸುತ್ತಾ ಹೋಗಬೇಕು. ಅಮ್ಮನ ಹಳೆಯ ನೈಟಿಯ ತುಂಡೋ ಮಲಗುವ ಹೊದಿಕೆಯೋ ಚೀಲದಲ್ಲಿರಲಿ.

"ಮಗು ಆಡುವಾಗ ಮೆಲ್ಲನೆ ಜಾರಿಕೊಳ್ಳು ಮಗಾ, ನೋಡಿದರೆ ಅಳುತ್ತದೆ" ಎಂದು ಅಜ್ಜಿಯಂದಿರು ಹೇಳುತ್ತಾರೆ. ಹಿರಿಯರ ಮೇಲೆ ಗೌರವವಿಟ್ಟೇ ಇದನ್ನು ಒಪ್ಪುವುದಿಲ್ಲ. ತಿರುಗಿ ನೋಡಿದಾಗ ಅಮ್ಮ ಇಲ್ಲವೆಂದಾದರೆ ಮಗು ಮರುದಿನದಿಂದ ಆಟವನ್ನೇ ಬಿಟ್ಟು ಸೆರಗು ಹಿಡಿದುಕೊಳ್ಳುತ್ತದೆ. "ಅಮ್ಮ ಹೋಗಿ ಬರುತ್ತೇನೆ, ಚಹಾ ಕುಡಿಯುವ ಹೊತ್ತಿಗೆ ಬರುತ್ತೇನೆ" ಎಂದು ಮುಖ ನೋಡಿ ಹೇಳಿ ಹೊರಡಿರಿ, ಹೇಳಿದ ಹೊತ್ತಿಗೆ ಬನ್ನಿರಿ. ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ತಾಯಿಗೆ ಹೆಚ್ಚು ದಿನ ಬೇಕಾಗಬಹುದು.

ಅನುಮಾನ ಬಂದರೆ

ಬಾಗಿಲಲ್ಲಿ ಅತ್ತು ಐದು ನಿಮಿಷಕ್ಕೆ ಸುಮ್ಮನಾಗುವ ಮಗುವಿನ ಬಗ್ಗೆ ಚಿಂತೆ ಬೇಡ. ಒಂದು ತಿಂಗಳಾದರೂ ಒಬ್ಬ ವ್ಯಕ್ತಿಯನ್ನು ಕಂಡೊಡನೆ ನಡುಗುವುದು, ತೂಕ ಇಳಿಯುವುದು, ಸಂಜೆ ಎಬ್ಬಿಸಿದರೂ ಏಳದ ಮಂಪರು, ರಾತ್ರಿ ಬೆಚ್ಚಿ ಬೀಳುವುದು ಇವನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ನಡೆಯಲು ಕಲಿಯುವ ಮಗುವಿಗೆ ಮೊಣಕಾಲು, ಹಣೆಯಲ್ಲಿ ಗಾಯ ಸಹಜ. ಕಿವಿ, ತೋಳಿನ ಮೇಲ್ಭಾಗ, ಬೆನ್ನು, ತೊಡೆಯ ಒಳಭಾಗದಲ್ಲಿ ಕಲೆ ಕಂಡರೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿರಿ. ಫೋಟೊ ತೆಗೆದು ದಿನಾಂಕ ಬರೆದಿಡಿರಿ. ಪ್ರತಿ ಸಂಜೆ ಮಗುವಿಗೆ ಸ್ನಾನ ಮಾಡಿಸುವ ಕೆಲಸವನ್ನು ಹೆತ್ತವರೇ ಇಟ್ಟುಕೊಂಡರೆ ಇಂತಹವು ಬೇಗ ಕಣ್ಣಿಗೆ ಬೀಳುತ್ತವೆ.

ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವವರಿಗೂ ಒಂದು ಮಾತು. ತಾಯಿಯೊಬ್ಬರು ಬಂದು ಹೀಗೆ ಹೇಳಿಕೊಂಡರೆ, ಕೇಂದ್ರ ನಡೆಸುವವರು ನಮ್ಮವರೇ ಆಗಿದ್ದರೂ, ಅದನ್ನು ಕಚೇರಿಯಲ್ಲಿ ಕೂರಿಸಿ ರಾಜಿ ಮಾಡಿ ಮುಗಿಸುವಂತಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ. ಹೊಡೆತ, ನಿರ್ಲಕ್ಷ್ಯ, ಮಂಪರು ಔಷಧದಂತಹ ದೂರುಗಳಿಗೂ ಮಕ್ಕಳ ಸಹಾಯವಾಣಿ 1098 ಇದೆ. ಹಗಲು ರಾತ್ರಿ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಬಹುದು.